ಹಿನ್ನೆಲೆ ಚಿತ್ರದಲ್ಲಿ ಗುಡಿಯ ಶಿಖರ ಕತ್ತರಿಸಿಹೋಗುತ್ತಿದೆ: ಬ್ಯಾಕ್‌ಗ್ರೌಂಡ್-ಪೊಸಿಷನ್ ಹೇಗೆ ಕೊಡಬೇಕು?

ಪ್ರಶ್ನೆ (ಗದಗ)

ನಮಸ್ಕಾರ. ಲಕ್ಕುಂಡಿಯ ಗುಡಿಗಳನ್ನು ಪರಿಚಯಿಸುವ ವೆಬ್ ಪುಟವೊಂದನ್ನು ಮಾಡುತ್ತಿದ್ದೇನೆ. ಮೇಲ್ಭಾಗದ ಪಟ್ಟಿಗೆ ಕಾಶಿವಿಶ್ವನಾಥ ಗುಡಿಯ ಫೋಟೊವನ್ನು ಹಿನ್ನೆಲೆಯಾಗಿ ಹಾಕಿದ್ದೇನೆ. ಉತ್ತರ ದಿಕ್ಕಿನಿಂದ ತೆಗೆದದ್ದಾದ್ದರಿಂದ ಎದುರಿನ ಸೂರ್ಯನ ಗುಡಿ ಎಡಕ್ಕೂ ಮುಖ್ಯ ಗುಡಿಯ ಶಿಖರ ಬಲಕ್ಕೂ ಬಂದಿವೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಸೈಜ್‌ಗೆ ಕವರ್ (ಚಿತ್ರ ಪಟ್ಟಿಯನ್ನು ಪೂರ್ತಿ ತುಂಬಲೆಂದು), ಪೊಸಿಷನ್‌ಗೆ ಸೆಂಟರ್ ಕೊಟ್ಟರೆ ಕಂಪ್ಯೂಟರಿನಲ್ಲಿ ಶಿಖರದ ತುದಿ ಕತ್ತರಿಸಿಹೋಗುತ್ತದೆ, ಮೊಬೈಲಿನಲ್ಲಿ ಶಿಖರವೇ ಕಾಣುವುದಿಲ್ಲ. ಎಡದಿಂದ ಮೈನಸ್ 300 ಪಿಕ್ಸೆಲ್ ಕೊಟ್ಟರೆ ಮೊಬೈಲಿನಲ್ಲಿ ಸರಿಹೋಗುತ್ತದೆ, ಆದರೆ ಕಂಪ್ಯೂಟರಿನಲ್ಲಿ ಚಿತ್ರ ನಡುವೆಯೇ ಮುಗಿದು ಬಲಗಡೆ ಅದೇ ಚಿತ್ರ ಮತ್ತೊಮ್ಮೆ ಶುರುವಾಗುತ್ತದೆ. ಚಿತ್ರದ ಅಗಲ 1600, ಎತ್ತರ 900. ಪಟ್ಟಿಯ ಎತ್ತರ 400 ಪಿಕ್ಸೆಲ್. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಹುಬ್ಬಳ್ಳಿ)

ಪಿಕ್ಸೆಲ್ ಬಿಟ್ಟು ಶೇಕಡಾವಾರು ಕೊಡಿ. ಪೊಸಿಷನ್ 80% ಎಂದರೆ ಚಿತ್ರದ ಎಡ ಅಂಚು ಪಟ್ಟಿಯ 80%ನಲ್ಲಿ ನಿಲ್ಲುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ, ಆದರೆ ವಾಸ್ತವವಾಗಿ ಚಿತ್ರದೊಳಗಿನ 80%ನ ಬಿಂದು ಪಟ್ಟಿಯ 80%ನ ಬಿಂದುವಿನ ಮೇಲೆ ಕೂರುತ್ತದೆ. ನಿಮ್ಮ ಅಳತೆಯಲ್ಲೇ ಲೆಕ್ಕ ಹಾಕೋಣ. ಮೊಬೈಲಿನ ಅಗಲ 360 ಎಂದುಕೊಂಡರೆ, ಕವರ್ ನಿಯಮದಂತೆ ಚಿತ್ರ ಸುಮಾರು 711×400ಕ್ಕೆ ಇಳಿಯುತ್ತದೆ. ಅಡ್ಡಕ್ಕೆ 351 ಪಿಕ್ಸೆಲ್ ಹೆಚ್ಚಾಗಿ ಉಳಿಯುತ್ತದೆ. 80% ಕೊಟ್ಟಾಗ ಅದರಲ್ಲಿ 281 ಎಡಗಡೆ ಮರೆಯಾಗಿ, ಬಲಭಾಗದ ಶಿಖರ ಪರದೆಯೊಳಗೆ ಬರುತ್ತದೆ. 1200 ಅಗಲದ ಪರದೆಯಲ್ಲಿ ಚಿತ್ರ 1200×675 ಆಗುವುದರಿಂದ ಅಡ್ಡಕ್ಕೆ ಹೆಚ್ಚುವರಿ ಏನೂ ಇರುವುದಿಲ್ಲ, ಹೀಗಾಗಿ ಪೊಸಿಷನ್‌ನ ಮೊದಲನೆಯ (ಅಡ್ಡ ದಿಕ್ಕಿನ) ಸಂಖ್ಯೆ ಅಲ್ಲಿ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಮೇಲೆ-ಕೆಳಗೆ ಉಳಿಯುವ 275 ಪಿಕ್ಸೆಲ್‌ಗಳನ್ನು ಎರಡನೆಯ ಸಂಖ್ಯೆ ನಿರ್ಧರಿಸುತ್ತದೆ. ಶಿಖರದ ತುದಿ ಫೋಟೊದ ಮೇಲಂಚಿಗೆ ಹತ್ತಿರವಿದ್ದರೆ 80% 10% ಎಂದು ಕೊಟ್ಟು ನೋಡಿ. ಒಂದೇ ಜೋಡಿ ಸಂಖ್ಯೆ ಎರಡೂ ಪರದೆಗಳಿಗೆ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್, ಕಂಪ್ಯೂಟರಿನಲ್ಲಿ ಶಿಖರ ಪೂರ್ತಿ ಕಾಣುತ್ತಿದೆ. ಮೊಬೈಲಿನವರಿಗೆ ಡೇಟಾ ಉಳಿಯಲೆಂದು ಮೀಡಿಯಾ ಕ್ವೆರಿಯಲ್ಲಿ (ಚಿಕ್ಕ ಪರದೆಗೆ ಮಾತ್ರ ಅನ್ವಯಿಸುವ ನಿಯಮದಲ್ಲಿ) ‘ಬ್ಯಾಕ್‌ಗ್ರೌಂಡ್’ ಎಂದು ಬರೆದು ಚಿಕ್ಕ ಫೈಲ್ ಕೊಟ್ಟಿದ್ದೇನೆ. ಅಲ್ಲಿ ಮಾತ್ರ ಚಿತ್ರ ಎಡ ಮೇಲ್ಮೂಲೆಗೆ ಅಂಟಿಕೊಂಡಿದೆ.

ಉತ್ತರ (ಧಾರವಾಡ)

ಬರೀ ‘ಬ್ಯಾಕ್‌ಗ್ರೌಂಡ್’ ಎಂದು ಬರೆದಾಗ, ಆ ಸಾಲಿನಲ್ಲಿ ಹೇಳದೆ ಬಿಟ್ಟ ಎಲ್ಲ ಗುಣಗಳೂ ಮೂಲಸ್ಥಿತಿಗೆ ಮರಳುತ್ತವೆ. ಪೊಸಿಷನ್ 0% 0% ಆಗುತ್ತದೆ, ಕವರ್ ಕೂಡ ಹೋಗುತ್ತದೆ. ಅಲ್ಲಿ ‘ಬ್ಯಾಕ್‌ಗ್ರೌಂಡ್-ಇಮೇಜ್’ ಎಂದಷ್ಟೇ ಬರೆಯಿರಿ, ಉಳಿದದ್ದೆಲ್ಲ ಮೊದಲಿದ್ದಂತೆಯೇ ಇರುತ್ತದೆ. ಒಂದೇ ಸಾಲಿನಲ್ಲಿ ಬರೆಯಲೇಬೇಕೆಂದಿದ್ದರೆ ಮೊದಲು ಪೊಸಿಷನ್, ನಂತರ ಓರೆಗೆರೆ, ಅದರ ನಂತರ ಸೈಜ್ ಬರಬೇಕು. ಈ ಕ್ರಮ ತಪ್ಪಿದರೆ ಬ್ರೌಸರ್ ಇಡೀ ಸಾಲನ್ನೇ ಕೈಬಿಡುತ್ತದೆ.

ಉತ್ತರ (ಹಾವೇರಿ)

ಇನ್ನೊಂದು ವಿಷಯವನ್ನು ಗಮನಕ್ಕೆ ತರಬಯಸುತ್ತೇನೆ. ನಿಮ್ಮ ಪುಟದ ವಿಷಯವೇ ಗುಡಿ, ಆದ್ದರಿಂದ ಫೋಟೊ ಬರೀ ಅಲಂಕಾರವಲ್ಲ. ಹಿನ್ನೆಲೆ ಚಿತ್ರಕ್ಕೆ ಆಲ್ಟ್ ವಿವರಣೆ (ಚಿತ್ರದ ಬದಲಿಗೆ ಓದಿ ಹೇಳುವ ಮಾತು) ಕೊಡಲು ಬರುವುದಿಲ್ಲ. ದೃಷ್ಟಿದೋಷವುಳ್ಳವರು ಬಳಸುವ, ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಇದ್ದೂ ಇಲ್ಲದಂತೆ. ಹಿನ್ನೆಲೆಯ ಬದಲು, ಪುಟದೊಳಗೆ ಚಿತ್ರ ಸೇರಿಸುವ ಐಎಂಜಿ ಟ್ಯಾಗ್ ಬಳಸಿ, ಅದಕ್ಕೆ ಪಟ್ಟಿಯಷ್ಟೇ ಅಗಲ-ಎತ್ತರ ಮತ್ತು ಆಬ್ಜೆಕ್ಟ್-ಫಿಟ್: ಕವರ್ ಕೊಟ್ಟು, ಆಬ್ಜೆಕ್ಟ್-ಪೊಸಿಷನ್‌ಗೆ ಇದೇ 80% 10% ಬರೆದರೆ ಲೆಕ್ಕ ಹಾಗೆಯೇ ಕೆಲಸ ಮಾಡುತ್ತದೆ. ಅದನ್ನು ಬರೆಯದೆ ಬಿಟ್ಟರೆ ಚಿತ್ರ ಮತ್ತೆ ನಡುಮಧ್ಯಕ್ಕೇ ಹೋಗುತ್ತದೆ, ಏಕೆಂದರೆ ಆ ಗುಣದ ಮೂಲಸ್ಥಿತಿ 50% 50%.