ಹಸಿರು ಉರಿಯುವಾಗ ಕೆಂಪೂ ಮಿಣುಕುತ್ತಿದೆ: ಝೋನ್ 1ರಲ್ಲಿರುವ ಮೂರು ಬಣ್ಣದ ಎಲ್‌ಇಡಿ ದೀಪದ ಸಮಸ್ಯೆ

ಪ್ರಶ್ನೆ:
ನಮಸ್ಕಾರ. ನಾನು ಸಕ್ಕರೆ ಕಾರ್ಖಾನೆಯೊಂದರ ಎಥನಾಲ್ ಘಟಕದಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗ ನೋಡಿಕೊಳ್ಳುತ್ತೇನೆ. ಟ್ಯಾಂಕರ್ ತುಂಬಿಸುವ ಜಾಗ ಝೋನ್ 1, ಅಂದರೆ ಮಾಮೂಲಿ ಕೆಲಸದ ವೇಳೆಯಲ್ಲೂ ಹೊತ್ತಿಕೊಳ್ಳುವ ಆವಿ ಇರಬಹುದಾದ ಜಾಗ. ಅಲ್ಲಿ ಹಳೆಯ ಬಲ್ಬಿನ ದೀಪಗಳನ್ನು ತೆಗೆದು, ಒಂದೇ ಗಾಜಿನೊಳಗೆ ಕೆಂಪು, ಹಳದಿ, ಹಸಿರು ಮೂರೂ ಇರುವ 230 ವೋಲ್ಟ್ ಎಸಿ ಫ್ಲೇಮ್‌ಪ್ರೂಫ್ (ಒಳಗೆ ಆವಿ ಹೊತ್ತಿಕೊಂಡರೂ ಜ್ವಾಲೆ ಹೊರಗೆ ಬಾರದಂಥ) ಎಲ್‌ಇಡಿ ದೀಪ ಹಾಕಿದ್ದೇವೆ. ಹಗಲು ಏನೂ ತಿಳಿಯುವುದಿಲ್ಲ. ಕತ್ತಲಾದ ಮೇಲೆ ಮಾತ್ರ ಹಸಿರಿನ ಜೊತೆಗೆ ಕೆಂಪೂ ಮಂಕಾಗಿ ಹೊತ್ತಿಕೊಂಡು, ದೂರದಿಂದ ನೋಡುವವರಿಗೆ ಹಳದಿಯಂತೆ ಕಾಣುತ್ತದೆ. ಪ್ಯಾನೆಲ್‌ನಿಂದ ದೀಪದವರೆಗೆ ಸುಮಾರು 250 ಮೀಟರ್ ದೂರ, ಮೂರೂ ಬಣ್ಣಕ್ಕೆ ಒಂದೇ ಮಲ್ಟಿಕೋರ್ ಕೇಬಲ್. ಕೆಂಪಿನ ರಿಲೇ (ಕರೆಂಟ್ ಕೊಟ್ಟು ಕಡಿಯುವ ಸ್ವಿಚ್) ಆಫ್ ಆಗಿರುವಾಗಲೂ ಅದರ ತಂತಿಯಲ್ಲಿ ಡಿಜಿಟಲ್ ಮೀಟರ್ 90 ವೋಲ್ಟ್ ತೋರಿಸುತ್ತದೆ. ದೀಪವೇ ಕೆಟ್ಟಿದೆಯೇ?

ಉತ್ತರ:
ದೀಪ ಕೆಟ್ಟಿರುವ ಸಾಧ್ಯತೆ ಕಡಿಮೆ. ದಯವಿಟ್ಟು ಅದರ ಮುಚ್ಚಳವನ್ನು ಈಗಲೇ ಬಿಚ್ಚಬೇಡಿ. ಕೇಬಲ್‌ನಲ್ಲಿ ಅಕ್ಕಪಕ್ಕದ ಎರಡು ತಂತಿಗಳು ಪ್ರತಿ ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟರಿನಂತೆ ವರ್ತಿಸುತ್ತವೆ ಎಂದುಕೊಂಡರೆ, ನಿಮ್ಮ 250 ಮೀಟರಿಗೆ 25 ನ್ಯಾನೋಫ್ಯಾರಡ್ ಆಗುತ್ತದೆ. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದರ ಮೂಲಕ ಹಸಿರಿನ ತಂತಿಯಿಂದ ಕೆಂಪಿನದಕ್ಕೆ 1.8 ಮಿಲಿಆಂಪಿಯರ್‌ವರೆಗೆ ಹರಿಯಬಹುದು. ಹಳೆಯ 15 ವ್ಯಾಟ್ ಬಲ್ಬಿಗೆ 65 ಮಿಲಿಆಂಪಿಯರ್ ಬೇಕಿದ್ದುದರಿಂದ ಇಷ್ಟು ಕರೆಂಟಿಗೆ ಅದು ಮಿಣುಕುತ್ತಲೂ ಇರಲಿಲ್ಲ, ಆದರೆ ಎಲ್‌ಇಡಿಗೆ ಕತ್ತಲಲ್ಲಿ ಕಾಣುವಷ್ಟು ಹೊಳೆಯಲು ಇದೇ ಸಾಕು. ಖಚಿತಪಡಿಸಿಕೊಳ್ಳಲು, ಸುರಕ್ಷಿತ ಜಾಗದಲ್ಲಿರುವ ಪ್ಯಾನೆಲ್‌ನಲ್ಲೇ ಕೆಂಪಿನ ತಂತಿಗೂ ನ್ಯೂಟ್ರಲ್‌ಗೂ ನಡುವೆ ಆ ಹಳೆಯ 15 ವ್ಯಾಟ್‌ನಂಥದೇ ಬಲ್ಬ್ ಜೋಡಿಸಿ ವೋಲ್ಟೇಜ್ ಅಳೆಯಿರಿ. ರಿಲೇ ಕಾಂಟ್ಯಾಕ್ಟ್‌ಗೆ ಆರ್‌ಸಿ ಸ್ನಬ್ಬರ್ (ಕಿಡಿ ತಗ್ಗಿಸುವ ರೆಸಿಸ್ಟರ್-ಕೆಪ್ಯಾಸಿಟರ್ ಜೋಡಿ) ಹಾಕಿದ್ದಾರೆಯೇ ಎಂದೂ ನೋಡಿ, 0.1 ಮೈಕ್ರೋಫ್ಯಾರಡ್‌ನದೊಂದೇ 7 ಮಿಲಿಆಂಪಿಯರ್ ಬಿಡುತ್ತದೆ.

ಕೇಳಿದವರು:
ಬಲ್ಬ್ ಜೋಡಿಸಿದ ಕೂಡಲೇ 90 ವೋಲ್ಟ್ ಇದ್ದದ್ದು 3 ವೋಲ್ಟ್‌ಗೂ ಕೆಳಗಿಳಿಯಿತು, ಅತ್ತ ಕೆಂಪೂ ಆರಿತು. ಸ್ನಬ್ಬರ್ ಇಲ್ಲ. ಹಾಗಾದರೆ ಆ ಬಲ್ಬಿನಂತೆಯೇ ಸೋರಿಕೆಯ ಕರೆಂಟನ್ನು ಹೀರಿಕೊಳ್ಳಲು ದೀಪದೊಳಗಿನ ಟರ್ಮಿನಲ್‌ಗೇ 10 ಕಿಲೋಓಮ್ ರೆಸಿಸ್ಟರ್ ಕಟ್ಟಬಹುದೇ?

ಉತ್ತರ:
ಖಂಡಿತ ಬೇಡ. ಕೆಂಪು ಉರಿಯುವಾಗ ಆ ರೆಸಿಸ್ಟರ್ 5 ವ್ಯಾಟ್‌ಗಿಂತ ಹೆಚ್ಚು ಬಿಸಿಯನ್ನು ಒಳಗೇ ಉಗುಳುತ್ತದೆ. ದೀಪದ ಮೇಲೆ ಟಿ6 ಎಂದು ಬರೆದಿದ್ದರೆ ಅದರ ಮೈ 85 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ ಎಂದು ಅರ್ಥ. ಆ ಮಾತು ಪರೀಕ್ಷಿಸಿದ ಜೋಡಣೆಗೆ ಮಾತ್ರ ಸಲ್ಲುತ್ತದೆ, ನಾವು ಒಳಗೆ ಸೇರಿಸಿದ್ದಕ್ಕಲ್ಲ. ಎಥನಾಲ್ ಆವಿ ಇರುವ ಕಡೆ ಪ್ರಮಾಣಪತ್ರ ಕಳೆದುಕೊಂಡ ದೀಪ ನೇತಾಡುವುದನ್ನು ನೆನೆದರೇ ನನಗೆ ಭಯವಾಗುತ್ತದೆ.

ಪ್ಯಾನೆಲ್‌ನಲ್ಲಿ ಚೇಂಜ್‌ಓವರ್ ಕಾಂಟ್ಯಾಕ್ಟ್ ಇರುವ ರಿಲೇ ಹಾಕಿ, ಕಾಮನ್ನಿಗೆ ದೀಪದ ತಂತಿಯನ್ನೂ, ಎನ್‌ಓಗೆ (ರಿಲೇ ಆನ್ ಆದಾಗ ಕಾಮನ್ನಿಗೆ ಸೇರುವ ತುದಿ) ಫ್ಯೂಸಿನ ಮೂಲಕ ಫೇಸ್ ಅನ್ನೂ, ಎನ್‌ಸಿಗೆ (ಆಫ್ ಇರುವಾಗ ಸೇರಿರುವ ತುದಿ) ನ್ಯೂಟ್ರಲ್ ಅನ್ನೂ ಕೊಡಿ. ಆರಿರುವ ಬಣ್ಣದ ತಂತಿ ಆಗ ನ್ಯೂಟ್ರಲ್‌ಗೆ ಅಂಟಿಕೊಂಡಿರುತ್ತದೆ. ಮುಂದಿನ ಖರೀದಿಯಲ್ಲಿ 24 ವೋಲ್ಟ್ ಡಿಸಿ ದೀಪ ಕೇಳಿ, ಡಿಸಿ ಹೀಗೆ ತಂತಿಯಿಂದ ತಂತಿಗೆ ದಾಟುವುದಿಲ್ಲ.

ಕೇಳಿದವರು:
ಮೂರೂ ಬಣ್ಣಕ್ಕೆ ಹಾಗೆಯೇ ರಿಲೇ ಬದಲಿಸಿದೆವು. ನಿನ್ನೆ ರಾತ್ರಿ ಎಂಟರ ನಂತರ ಗೇಟಿನ ಬಳಿ ನಿಂತು ನೋಡಿದೆ. ಹಸಿರು ಅಚ್ಚ ಹಸಿರಾಗಿಯೇ ಕಂಡಿತು. ಧನ್ಯವಾದಗಳು ಸರ್.