ಕ್ರೂಸ್‌ನಲ್ಲಿ ಮಕ್ಕಳು ಫ್ರೀ ಅಂದರು, ಕೋಟ್ ನೋಡಿದರೆ ನಾಲ್ಕು ಫುಲ್ ಟಿಕೆಟ್. ಇದು ಸರಿನಾ?

ಹೇಮಾವತಿ ದಂಡೆ, ಹಾಸನ

ನಮಸ್ಕಾರ. ನಮ್ಮ ಕಡೆ ನೀರು ಅಂದ್ರೆ ಗೊರೂರು ಡ್ಯಾಂ, ಹಡಗು ಅಂದ್ರೆ ತೆಪ್ಪ. ಕ್ರೂಸ್‌ಗೆ ಹೋಗಿ ಬಂದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾವು ಐದು ಜನ. ನಾನು, ಹೆಂಡತಿ, ಅಮ್ಮನಿಗೆ 66, ಮಗಳಿಗೆ 11, ಮಗನಿಗೆ 4. ಏಪ್ರಿಲ್ ಕೊನೆಗೆ ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಹಡಗಿಗೆ ವಿಚಾರಿಸಿದ್ದೆ. ಟ್ರಾವೆಲ್ಸ್‌ನವರು ಫೋನಿನಲ್ಲಿ "12 ವರ್ಷದೊಳಗಿನ ಮಕ್ಕಳು ಫ್ರೀ ಸಾರ್" ಅಂದರು. ಎರಡು ಸಲ ಅಂದರು. ನಾನು ದೊಡ್ಡವರು ಮೂರು ಜನ, ತಲೆಗೆ 24,000, ಒಟ್ಟು 72,000 ಅಂತ ಲೆಕ್ಕ ಹಾಕಿ ಮನೆಯಲ್ಲಿ ಹೇಳಿಬಿಟ್ಟೆ. ಮಗಳು ಮಾರನೇ ದಿನವೇ ಸ್ಕೂಲಿನಲ್ಲಿ ಡಂಗುರ ಹೊಡೆದು ಬಂದಳು.

ನಿನ್ನೆ ವಾಟ್ಸಾಪ್‌ನಲ್ಲಿ ಕೋಟ್ ಬಂತು. ಎರಡು ರೂಮು. ಒಂದರಲ್ಲಿ ನಾವಿಬ್ಬರು ಮತ್ತು ಮಗ, ಇನ್ನೊಂದರಲ್ಲಿ ಅಮ್ಮ ಮತ್ತು ಮಗಳು. 24,000 ರೂಪಾಯಿ ನಾಲ್ಕು ಜನಕ್ಕೆ ಹಾಕಿದ್ದಾರೆ. ಮಗಳಿಗೂ ಫುಲ್! ಮಗನ ಮುಂದೆ ಸೊನ್ನೆ ಇದೆ, ಆದರೆ ಅದರ ಕೆಳಗೆ ಪೋರ್ಟ್ ಚಾರ್ಜ್ ಮತ್ತು ಸರ್ವಿಸ್ ಅಂತ ತಲೆಗೆ 5,500. ಅದು ಐದೂ ಜನಕ್ಕೆ, ಫ್ರೀ ಆದವನಿಗೂ ಸೇರಿಸಿ. ಜಿಎಸ್‌ಟಿ ಎಲ್ಲ ಸೇರಿ 1.30 ಲಕ್ಷದ ಹತ್ತಿರ ಬಂದು ನಿಂತಿದೆ. ಮುಂಬೈವರೆಗಿನ ಖರ್ಚು ಬೇರೆ.

ಕೇಳಿದರೆ "ಅದು ಹಾಗೇ ಸಾರ್, ಸಿಸ್ಟಮ್ ಹಾಗೇ ತಗೊಳ್ಳುತ್ತೆ" ಅನ್ನುತ್ತಾರೆ. ಸಿಸ್ಟಮ್ ಹಾಗೆ ತಗೊಳ್ಳುತ್ತೋ ಇವರು ತಗೊಳ್ಳುತ್ತಾರೋ ಗೊತ್ತಾಗುತ್ತಿಲ್ಲ. ಮಗಳಿಗೆ ಮೇ 9ಕ್ಕೆ 12 ತುಂಬುತ್ತದೆ, ಅದರಿಂದ ಏನಾದರೂ ತೊಂದರೆ ಇದೆಯಾ? ಮಕ್ಕಳ ಜೊತೆ ಹೋಗಿ ಬಂದವರು ಸ್ವಲ್ಪ ಬಿಡಿಸಿ ಹೇಳಿ.

ಅರಸೀಕೆರೆ ಜಂಕ್ಷನ್

ಅಣ್ಣ, ಅವರು ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ. ನಮಗೆ ಬಸ್ಸಿನ ಲೆಕ್ಕ ತಲೆಯಲ್ಲಿ ಕೂತಿರುತ್ತದೆ ನೋಡಿ. ಕೆಎಸ್‌ಆರ್‌ಟಿಸಿಯಲ್ಲಿ 6 ವರ್ಷದೊಳಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ, ಈಗ ಹೆಂಗಸರಿಗೆ ಅದೂ ಇಲ್ಲ. ಅಲ್ಲಿ ಎಣಿಸುವುದು ತಲೆ. ಹಡಗಿನವರು ತಲೆ ಎಣಿಸುವುದಿಲ್ಲ, ಹಾಸಿಗೆ ಎಣಿಸುತ್ತಾರೆ.

ಒಂದು ರೂಮಿನ ಮೊದಲ ಎರಡು ಹಾಸಿಗೆಗೆ ಪೂರ್ತಿ ದುಡ್ಡು. ಅದರಲ್ಲಿ ಅಜ್ಜಿ ಮಲಗಲಿ ಮೊಮ್ಮಗಳು ಮಲಗಲಿ, ಅವರಿಗೆ ಎರಡೂ ಒಂದೇ. ಮೂರನೆಯದು ನಾಲ್ಕನೆಯದು ಗೋಡೆಯಿಂದ ಕೆಳಗಿಳಿಸುವ ಬರ್ತೋ ಸೋಫಾನೋ ಇರುತ್ತದೆ, ಅದಕ್ಕೆ ರೇಟು ಕಡಿಮೆ. "ಮಕ್ಕಳು ಫ್ರೀ" ಅನ್ನುವುದು ಆ ಮೂರು, ನಾಲ್ಕನೇ ಹಾಸಿಗೆಯ ಮಾತು. ನಿಮ್ಮ ಮಗಳು ಅಜ್ಜಿ ರೂಮಿನಲ್ಲಿ ಎರಡನೆಯವಳು. ಅದಕ್ಕೇ ಫುಲ್.

ಈಗ ನಿಮಗೆ ಅನ್ನಿಸುತ್ತದೆ, ಮಕ್ಕಳಿಬ್ಬರನ್ನೂ ನಮ್ಮ ರೂಮಿಗೇ ಹಾಕಿಕೊಂಡು ಅಮ್ಮನಿಗೆ ಒಬ್ಬರಿಗೇ ರೂಮು ಕೊಟ್ಟರೆ ಮಗಳದ್ದು ಉಳಿಯುತ್ತಲ್ವಾ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಹುತೇಕ ಹಡಗುಗಳಲ್ಲಿ ಒಬ್ಬರೇ ಇದ್ದರೂ ಎರಡು ಹಾಸಿಗೆಯ ದುಡ್ಡು ಕೊಡಬೇಕು. ನಿಮ್ಮದು ಎರಡು, ಅಮ್ಮನದು ಎರಡು, ಮತ್ತೆ ನಾಲ್ಕೇ. ಹೇಗೆ ತಿರುಗಿಸಿದರೂ ಎರಡು ರೂಮು ಅಂದ್ರೆ ನಾಲ್ಕು ಫುಲ್. ಸಾಮಾನ್ಯ ರೂಮಿಗೆ ನಾಲ್ಕು ಜನ ಹಿಡಿಸುತ್ತದೆ, ನೀವು ಐದು ಜನ ಇರುವುದೇ ಇಲ್ಲಿ ಎಡವಟ್ಟು. ಕೆಲವು ಹಡಗಿನಲ್ಲಿ ಐದು ಜನದ ಫ್ಯಾಮಿಲಿ ರೂಮು ಇರುತ್ತದೆ. ಇದೆಯಾ ಅಂತ ಒಂದು ಸಲ ಕೇಳಿ, ಅದು ಬೇಗ ಖಾಲಿಯಾಗುವ ಸಾಮಾನು.

ಹಾಗಾಗಿ ಮೇ 9ರ ಚಿಂತೆ ಬಿಡಿ. ವಯಸ್ಸು ನೋಡುವುದು ಹಡಗು ಹೊರಡುವ ದಿನಕ್ಕೆ, ಬುಕ್ ಮಾಡಿದ ದಿನಕ್ಕಲ್ಲ. ಆದರೆ ಹೇಗಿದ್ದರೂ ಫುಲ್ ಕೊಡುತ್ತಿರುವ ಹುಡುಗಿಗೆ 11 ಆದರೇನು 12 ಆದರೇನು. ಇಡೀ ಟ್ರಿಪ್ಪನ್ನು ಜೂನ್‌ಗೆ ಮಾತ್ರ ತಳ್ಳಬೇಡಿ, ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಮಕ್ಕಳ ಆಟ ಅಲ್ಲ.

ಮುಂಬೈವರೆಗಿನದೂ ಲೆಕ್ಕ ಹಾಕಿ. ವಿಮಾನದಲ್ಲಿ 2 ವರ್ಷ ತುಂಬಿದ ಮಗುವಿಗೆ ಸೀಟು ತಗೊಳ್ಳಲೇಬೇಕು, ಅಲ್ಲಿಗೆ ಐದು ಸೀಟು. ರೈಲಿನಲ್ಲಿ 5ರ ಒಳಗಿನವನಿಗೆ ಟಿಕೆಟ್ ಬೇಡ, ಆದರೆ ಬರ್ತೂ ಇಲ್ಲ, ರಾತ್ರಿಯಿಡೀ ಅಮ್ಮನ ಪಕ್ಕ ಒದೆಯುತ್ತಾ ಮಲಗುತ್ತಾನೆ. ಮಗಳಿಗೆ ಬರ್ತ್ ಬೇಕು ಅಂದ್ರೆ 2016ರಿಂದ ಪೂರ್ತಿ ಚಾರ್ಜು, ಅರ್ಧ ಟಿಕೆಟ್ಟಿಗೆ ಬರ್ತ್ ಕೊಡುವ ಕಾಲ ಹೋಯಿತು. ಒಂದು ದಿನ ಮೊದಲೇ ಮುಂಬೈ ಸೇರಿಕೊಳ್ಳಿ. ರೈಲು ಲೇಟಾಯಿತು ಅಂತ ಹಡಗು ಕಾಯುವುದಿಲ್ಲ. ಐದು ಜನಕ್ಕೆ ಒಂದು ರಾತ್ರಿ ಲಾಡ್ಜ್ ಖರ್ಚನ್ನೂ ಬರೆದಿಟ್ಟುಕೊಳ್ಳಿ.

ಶಿಲಾಬಾಲಿಕೆ, ಬೇಲೂರು

ಮೇಲಿನವರು ಹೇಳಿದ್ದು ನನಗೆ ಅನುಭವಕ್ಕೆ ಬಂದಿದೆ. ನಾನು ಒಬ್ಬಳೇ ಮಗನನ್ನು ಕರೆದುಕೊಂಡು ಸಿಂಗಾಪುರದಿಂದ ಹೊರಡುವ ಹಡಗಿಗೆ ಹೋಗಿದ್ದೆ. ಒಬ್ಬ ದೊಡ್ಡವಳು, ಒಬ್ಬ 7 ವರ್ಷದವನು. ಅವನಿಗೂ ನನ್ನಷ್ಟೇ ದುಡ್ಡು. ಅಪ್ಪ ಅಮ್ಮ ಇಬ್ಬರೂ ಹೋದರೆ ಮಗು ಫ್ರೀ, ಅಮ್ಮ ಒಬ್ಬಳೇ ಹೋದರೆ ಮಗು ಫುಲ್. ಕೌಂಟರಿನಲ್ಲಿ ಜಗಳ ಆಡಬೇಕು ಅನ್ನಿಸಿತ್ತು. ಯಾರ ಹತ್ತಿರ ಆಡುವುದು?

ಫಾರಿನ್ ಹಡಗಿಗೆ ಯೋಚನೆ ಮಾಡುವವರು ಟಿಪ್ಸ್ ಕಾಲಂ ನೋಡಿ. ಅದು ನಮ್ಮ ಹೋಟೆಲಿನ ಹಾಗೆ ಮನಸ್ಸಿದ್ದರೆ ತಟ್ಟೆಯಲ್ಲಿ ಇಟ್ಟು ಬರುವುದಲ್ಲ, ದಿನದ ಲೆಕ್ಕದಲ್ಲಿ ಬಿಲ್ಲಿಗೇ ಬರುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ನಾನು ನೋಡಿದಾಗ ಸಾಮಾನ್ಯ ರೂಮಿಗೆ ತಲೆಗೆ ದಿನಕ್ಕೆ 18.50 ಡಾಲರ್ ಇತ್ತು, ಮಗುವಿಗೂ ಅಷ್ಟೇ. ನಾಲ್ಕು ಜನ ನಾಲ್ಕು ರಾತ್ರಿ ಅಂದ್ರೆ 296 ಡಾಲರ್. ಅಂದರೆ 25 ಸಾವಿರ ರೂಪಾಯಿಯ ಮೇಲೆ, ಬರೀ ಟಿಪ್ಸು! ಸಿಂಗಾಪುರದ ವೀಸಾ ಫೀಸು 30 ಸಿಂಗಾಪುರ ಡಾಲರ್, ಅದರಲ್ಲೂ ಮಕ್ಕಳಿಗೆ ರಿಯಾಯಿತಿ ಇಲ್ಲ.

ನನ್ನ ತಪ್ಪು ಇನ್ನೊಂದಿದೆ. ಹಡಗು ಹತ್ತಿದ ಕೂಡಲೇ ಎಲ್ಲರಿಗೂ ಒಂದು ಕಾರ್ಡು ಕೊಡುತ್ತಾರೆ. ರೂಮಿನ ಕೀಲಿಯೂ ಅದೇ, ಪರ್ಸೂ ಅದೇ. ಮಗ ಕತ್ತಿಗೆ ನೇತು ಹಾಕಿಕೊಂಡು ಓಡಾಡುತ್ತಿದ್ದ, ಎಷ್ಟು ಚೆನ್ನಾಗಿ ಕಾಣ್ತಾನೆ ಅಂತ ನಾನು ಫೋಟೋ ತೆಗೆಯುತ್ತಿದ್ದೆ. ವಿಡಿಯೋ ಗೇಮ್ ರೂಮಿನಲ್ಲಿ ಮಷೀನಿಗೆ ಆ ಕಾರ್ಡು ಮುಟ್ಟಿಸಿದರೆ ಸಾಕು, ಆಟ ಶುರು. ಗೊಂಬೆ ಎತ್ತುವ ಮಷೀನ್ ಇತ್ತು, ಕೊಕ್ಕೆ ಗೊಂಬೆಯ ಕಿವಿ ಹಿಡಿದು ಅರ್ಧಕ್ಕೆ ತಂದು ಬಿಟ್ಟುಬಿಡುತ್ತೆ. ಮೂರನೇ ದಿನ ರಿಸೆಪ್ಷನ್‌ನಲ್ಲಿ ಸುಮ್ನೆ ಬಿಲ್ ಕೇಳಿದೆ. 94 ಡಾಲರ್. ಗೊಂಬೆ ಒಂದೂ ಬಂದಿರಲಿಲ್ಲ. ಮೊದಲ ದಿನವೇ ಹೋಗಿ ಮಕ್ಕಳ ಕಾರ್ಡಿನಲ್ಲಿ ಖರ್ಚು ಬಂದ್ ಮಾಡಿಸಿ, ಕೇಳಿದರೆ ಮಾಡಿಕೊಡುತ್ತಾರೆ.

ದುಡ್ಡು ಕೊಡದೆ ಸಿಗುವುದೂ ಇದೆ, ಅದನ್ನೂ ಹೇಳಬೇಕು. ಬಫೆ ಊಟ, ಈಜುಕೊಳ, ರಾತ್ರಿಯ ಶೋ ಎಲ್ಲ ಟಿಕೆಟ್ಟಿನಲ್ಲೇ ಬಂತು. ಮಕ್ಕಳನ್ನು ಬಿಟ್ಟು ಬರುವ ಕ್ಲಬ್ಬೂ ಹಗಲು ಫ್ರೀ, ರಾತ್ರಿ 10ರ ಮೇಲೆ ಗಂಟೆಗೆ ಇಷ್ಟು ಅಂತ ಚಾರ್ಜು. ಆದರೆ 3 ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಡಯಾಪರ್ ಹಾಕುವ ಮಗುವನ್ನು ಸಾಮಾನ್ಯವಾಗಿ ದೊಡ್ಡ ಕೊಳಕ್ಕೂ ಇಳಿಸಲು ಬಿಡುವುದಿಲ್ಲ. 6 ತಿಂಗಳೊಳಗಿನ ಕೂಸನ್ನು ಹೆಚ್ಚಿನ ಕಂಪನಿಯವರು ಹತ್ತಿಸಿಕೊಳ್ಳುವುದೇ ಇಲ್ಲ.

ಮೂಡಿಗೆರೆ ಮಳೆ

ಮಾರಾಯ್ರೆ, ನಾವು ಹೋಂಸ್ಟೇ ನಡೆಸುವವರು. ನಾವೂ ಬೋರ್ಡಿನಲ್ಲಿ "5 ವರ್ಷದೊಳಗೆ ಫ್ರೀ" ಅಂತ ಹಾಕಿದ್ದೇವೆ. ಯಾಕೆ ಫ್ರೀ? ಆ ಮಗು ಅಪ್ಪ ಅಮ್ಮನ ಮಧ್ಯೆ ಮಲಗುತ್ತದೆ, ಅರ್ಧ ದೋಸೆ ತಿನ್ನುತ್ತದೆ, ಇನ್ನರ್ಧ ನಾಯಿಗೆ ಹಾಕುತ್ತದೆ. ಅದೇ ಮಗುವಿಗೆ ಬೇರೆ ರೂಮು ಕೇಳಿದರೆ ರೂಮಿನ ಬಾಡಿಗೆ ಬಿಡುವುದಕ್ಕೆ ಆಗುತ್ತದಾ? ಹಡಗಿನಲ್ಲಿ ರೂಮು ಎಷ್ಟಿದೆಯೋ ಅಷ್ಟೇ, ಸಮುದ್ರದ ಮಧ್ಯೆ ಹಿತ್ತಲಲ್ಲಿ ಇನ್ನೊಂದು ಶೆಡ್ ಎಬ್ಬಿಸಲು ಬರುವುದಿಲ್ಲ. ಹಾಗಂತ ಫೋನಿನಲ್ಲಿ ಇದನ್ನು ಬಿಡಿಸಿ ಹೇಳದೇ ಇದ್ದದ್ದು ತಪ್ಪೇ. ನಾನು ಹಾಗೆ ಮಾಡಿದರೆ ಗೆಸ್ಟ್‌ಗಳು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಒಂದು ಉಪಾಯ ಹೇಳಲಾ? ಅಮ್ಮನ ರೂಮಿಗೆ ಹೇಗೂ ಎರಡು ಫುಲ್ ಕೊಡುತ್ತಿದ್ದೀರಿ. ನಾಲ್ಕು ಜನ ಹಿಡಿಸುವ ರೂಮಾದರೆ ಮೇಲಿನ ಎರಡು ಬರ್ತ್ ಖಾಲಿ ಹೋಗುತ್ತದೆ. ತಂಗಿ ಮಗಳೋ ಅಣ್ಣನ ಮಗನೋ 12ರ ಒಳಗಿದ್ದರೆ ಕರೆದುಕೊಳ್ಳಿ. ಆ ಮಗುವಿಗೆ ಪೋರ್ಟ್ ಚಾರ್ಜು, ಸರ್ವಿಸು, ಅಷ್ಟೇ ಬೀಳುತ್ತದೆ, ಅದನ್ನು ಅವರಪ್ಪ ಕೊಡಲಿ. ನಿಮ್ಮ ಮಗಳಿಗೆ ಜೊತೆ ಸಿಗುತ್ತದೆ. ನಿಮ್ಮ 4 ವರ್ಷದವನನ್ನು ಮಾತ್ರ ಮೇಲಿನ ಬರ್ತಿಗೆ ಹತ್ತಿಸಬೇಡಿ, ಬಿದ್ದರೆ ಕಷ್ಟ. ಬೇರೆಯವರ ಮಗು ಕರೆದುಕೊಂಡು ಹೋಗುವಾಗ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಕೇಳುತ್ತಾರೆ, ಮೊದಲೇ ಯಾವ ನಮೂನೆ ಅಂತ ಕೇಳಿಟ್ಟುಕೊಳ್ಳಿ.

ನಮ್ಮಂಥವರಿಗೆ ಇದು ಆಗುವ ಮಾತಲ್ಲ ಬಿಡಿ. ನವೆಂಬರಿನಿಂದ ಕಾಫಿ ಕುಯ್ಲು, ಅದು ಮುಗಿಯುವ ಹೊತ್ತಿಗೆ ಸ್ಪ್ರಿಂಕ್ಲರ್ ಎಳೆಯಬೇಕು, ಹೂವಾಗಬೇಕು. ಕೈ ಬಿಡುವಾಗುವಾಗ ಮಕ್ಕಳಿಗೂ ರಜೆ, ಇಡೀ ದೇಶಕ್ಕೂ ರಜೆ, ರೇಟು ಆಕಾಶದಲ್ಲಿ. ದಸರಾ ರಜೆಯದ್ದೂ ಅದೇ ಕಥೆ.

ಬಾಬಾಬುಡನ್ ಗಾಳಿ, ಚಿಕ್ಕಮಗಳೂರು

1.30 ಲಕ್ಷನಾ? ಅದರಲ್ಲಿ ಶಿರಾಡಿ ಇಳಿದು ಮಲ್ಪೆಯಲ್ಲಿ ನಾಲ್ಕು ದಿನ ಇದ್ದು, ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡಿ, ಮೀನೂಟ ಮಾಡಿಕೊಂಡು ಬಂದರೂ ಒಂದು ಲಕ್ಷ ಉಳಿಯುತ್ತದೆ. ಸಮುದ್ರ ಎರಡೂ ಕಡೆ ಅದೇ ಅಲ್ವಾ.

ಶಿಲಾಬಾಲಿಕೆ, ಬೇಲೂರು

ಅವರು ಕೇಳಿದ್ದು ಮಲ್ಪೆ ಅಲ್ಲ ಸಾರ್ 🙂

ಹೇಮಾವತಿಯವರೇ, ಒಂದು ಮರೆತಿದ್ದೆ. ನಿಮ್ಮದು ಮುಂಬೈ ಗೋವಾ ಆದ್ದರಿಂದ ಪಾಸ್‌ಪೋರ್ಟ್ ಬೇಡ, ಐದೂ ಜನದ ಆಧಾರ್ ಸಾಕು. ಮುಂದೆ ಹೊರದೇಶಕ್ಕೆ ಯೋಚನೆ ಇದ್ದರೆ ಮಾತ್ರ ಹಾಸನದ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಿ. ಮಕ್ಕಳಿಗೆ 1,000 ರೂಪಾಯಿ, 8ರ ಒಳಗಿದ್ದರೆ ಅದರಲ್ಲೂ ಶೇ 10 ಕಡಿಮೆ, 60 ದಾಟಿದ ಅಮ್ಮನಿಗೂ 1,500ರಲ್ಲಿ ಶೇ 10 ಕಡಿಮೆ. ಮಕ್ಕಳ ಪಾಸ್‌ಪೋರ್ಟ್ 5 ವರ್ಷ ಮಾತ್ರ, ಈಗಲೇ ಮಾಡಿಸಿ ಬೀರುವಿನಲ್ಲಿ ಇಡಬೇಡಿ.

ಅಮ್ಮನಿಗೆ ಹೇಳಿ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಹಡಗಿಗೆ ಬಿಡುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಎತ್ತಿಟ್ಟುಕೊಳ್ಳುತ್ತಾರೆ, ಇಳಿಯುವಾಗ ವಾಪಸ್ ಕೊಡುತ್ತಾರೆ. ನನ್ನ ಕಣ್ಣೆದುರೇ ಒಬ್ಬ ಅಜ್ಜಿಯ ಕುಕ್ಕರ್ ಹೋಯಿತು, ಒಳಗೆ ಸೊನಾ ಮಸೂರಿ ಅಕ್ಕಿಯೂ ಇತ್ತು.

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ರೂಮು ಅಂದ್ರೆ ನಾಲ್ಕು ಫುಲ್ ಅನ್ನುವುದು ಈಗ ತಲೆಗೆ ಹೋಯಿತು. ಟ್ರಾವೆಲ್ಸ್‌ನವರಿಗೆ ಫೋನ್ ಮಾಡಿ ಐದು ಜನದ ರೂಮು ಕೇಳಿದೆ, ಆ ತಾರೀಖಿಗೆ ಇಲ್ಲವಂತೆ. ತಂಗಿ ಮಗಳಿಗೆ 9 ವರ್ಷ, ಅವಳನ್ನು ಮೂರನೆಯವಳಾಗಿ ಸೇರಿಸಿದರೆ 5,500 ಮತ್ತು ಜಿಎಸ್‌ಟಿ ಮಾತ್ರ ಅಂತ ಈ ಸಲ ವಾಟ್ಸಾಪ್‌ನಲ್ಲಿ ಬರೆಸಿಕೊಂಡೆ. ತಂಗಿ ಗಂಡ ಅರ್ಧ ನಿಮಿಷದಲ್ಲಿ ದುಡ್ಡು ಹಾಕಿದರು, ಮಗಳನ್ನು ಕಳಿಸಿ ಮೂರು ದಿನ ಆರಾಮಾಗಿರುವ ಪ್ಲಾನು ಇರಬೇಕು.

ಈಗ ತೊಂದರೆ ಬೇರೆ. ಕುಕ್ಕರ್ ಬಿಡುವುದಿಲ್ಲವಂತೆ ಅಂತ ಅಮ್ಮನಿಗೆ ಹೇಳಿದೆ. ಹಡಗಿನ ಅನ್ನ ಹೇಗಿರುತ್ತೋ ಏನೋ, ಹಾಗಾದರೆ ನಾನು ಬರಲ್ಲ, ನೀವು ಹೋಗಿ ಬನ್ನಿ ಅನ್ನುತ್ತಿದ್ದಾರೆ. ಅಮ್ಮ ಬರದಿದ್ದರೆ ಒಂದೇ ರೂಮು ಸಾಕು, ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅದನ್ನು ನಾನು ಬಾಯಿ ಬಿಟ್ಟು ಹೇಳಿಲ್ಲ, ಹೆಂಡತಿಯೂ ಹೇಳಿಲ್ಲ. ಆದರೆ ತಂಗಿ ಮಗಳಿಗೆ ಆಗ ಬರ್ತ್ ಇರುವುದಿಲ್ಲ, ಅವರಪ್ಪ ದುಡ್ಡು ಬೇರೆ ಹಾಕಿಯಾಗಿದೆ. ಶಿಲಾಬಾಲಿಕೆ ಮೇಡಂ, ಕೋಡುಬಳೆ, ಚಕ್ಕುಲಿ, ಉಪ್ಪಿನಕಾಯಿ ಸೀಲ್ ಮಾಡಿದ ಪ್ಯಾಕೆಟ್ ಆದರೆ ಒಳಗೆ ಬಿಡುತ್ತಾರಾ? ಸ್ವಲ್ಪ ಬೇಗ ಹೇಳಿ, ಇವತ್ತು ರಾತ್ರಿ ಅಮ್ಮನ ಹತ್ತಿರ ಇನ್ನೊಂದು ಸಲ ಮಾತಾಡಬೇಕು.