ಮೆಟ್ರೋದಲ್ಲಿ ಜೋರಾಗಿ ವಿಡಿಯೊ ಹಾಕುವ ಹಿರಿಯರಿಗೆ ಹೇಳುವುದು ಹೇಗೆ?

ಪ್ರಶ್ನೆ (ವಿಜಯನಗರದಿಂದ)

ವಾರದಲ್ಲಿ ಐದು ದಿನ ನಾನು ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದಲ್ಲಿ ಹೋಗಿಬರುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಮಾರ್ಗ ಪೂರ್ತಿಯಾಗಿ ತೆರೆದಾಗ, ಬಸ್ಸು ಬದಲಿಸುವ ಕಷ್ಟ ತಪ್ಪಿತಲ್ಲ, ಒಂದು ಗಂಟೆಗೂ ಮಿಕ್ಕಿದ ಆ ಹೊತ್ತಿನಲ್ಲಿ ಏನಾದರೂ ಓದಬಹುದು ಎಂದು ಸಂತೋಷಪಟ್ಟಿದ್ದೆ. ಈಗ ಒಂದು ಬದಿಯಿಂದ ಧಾರಾವಾಹಿ, ಇನ್ನೊಂದು ಬದಿಯಿಂದ ಕ್ರಿಕೆಟ್ ವಿವರಣೆ, ಬಾಗಿಲ ಬಳಿ ನಿಂತವರ ಮೊಬೈಲಿನ ಸ್ಪೀಕರಿನಿಂದ ಆಸ್ತಿ ಪಾಲಿನ ಜಗಳ ಕೇಳುತ್ತ ಪುಸ್ತಕ ಮುಚ್ಚಿಟ್ಟು ಕೂರುತ್ತೇನೆ.

ಕಿರಿಯರಾದರೆ ಸೌಂಡ್ ಕಡಿಮೆ ಮಾಡಿ ಎಂದು ನೇರವಾಗಿ ಹೇಳಿಬಿಡುತ್ತೇನೆ. ತೊಡಕಾಗುವುದು ಹಿರಿಯರ ವಿಷಯದಲ್ಲಿ. ಕಳೆದ ವಾರ ಎಪ್ಪತ್ತು ದಾಟಿದ್ದಿರಬಹುದಾದ ಒಬ್ಬರು ಇಡೀ ಬೋಗಿಗೆ ಕೇಳುವಂತೆ ಪ್ರವಚನ ಹಾಕಿಕೊಂಡಿದ್ದರು. "ಯಜಮಾನರೇ, ಸ್ವಲ್ಪ ಸಣ್ಣಗೆ ಇಟ್ಟುಕೊಳ್ಳುತ್ತೀರಾ?" ಎಂದು ಕೇಳಿದ್ದಕ್ಕೆ, "ನಾಲ್ಕು ಒಳ್ಳೆಯ ಮಾತು ಕಿವಿಗೆ ಬಿದ್ದರೆ ನಿನಗೇನಪ್ಪ ನಷ್ಟ?" ಎಂದರು. ಸುತ್ತಲಿದ್ದವರು ತಪ್ಪು ನನ್ನದೇ ಎಂಬಂತೆ ನನ್ನನ್ನು ನೋಡಿದರು. ಹಿರಿಯರಿಗೆ ಅಗೌರವವಾಗದಂತೆ ಇದನ್ನು ಹೇಳುವ ಬಗೆ ಯಾವುದು?

ಉತ್ತರ (ನಿವೃತ್ತ ಬಸ್ ನಿರ್ವಾಹಕ)

ಮೊದಲು ನಿಯಮದ ಮಾತು. 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಾಕಿ ಜೋರಾಗಿ ಹಾಡು, ವಿಡಿಯೊ ಹಚ್ಚುವಂತಿಲ್ಲ. ಹೇಳಿದರೂ ಕೇಳದವರನ್ನು ಟಿಕೆಟ್ಟಿನ ಹಣ ಹಿಂದಿರುಗಿಸದೆ ಕೆಳಗಿಳಿಸಬಹುದು. ಮೆಟ್ರೋಗೂ 2002ರ ಕಾಯ್ದೆಯಿದೆ, ಸಹಪ್ರಯಾಣಿಕರಿಗೆ ಕಿರಿಕಿರಿ ಮಾಡುವುದು ಅದರ 59ನೆಯ ಸೆಕ್ಷನ್ನಿನಲ್ಲಿ ಅಪರಾಧವೆನಿಸಿದೆ.

ಆದರೆ ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಒಬ್ಬ ಹಿರಿಯರನ್ನೂ ಇಳಿಸಲಿಲ್ಲ, ಇಳಿಸಬೇಕಾಗಿಯೂ ಬರಲಿಲ್ಲ. ದೂರದಿಂದ ಕೂಗಿ ಹೇಳಿದರೆ ಅವರಿಗೆ ಎಲ್ಲರೆದುರು ಮುಖಭಂಗವಾದಂತಾಗುತ್ತದೆ, ಆಮೇಲೆ ಅವರು ತಪ್ಪೆಂದು ತಿಳಿದರೂ ಬಿಟ್ಟುಕೊಡುವುದಿಲ್ಲ. ನಾನು ಹತ್ತಿರ ಹೋಗಿ, ಬಗ್ಗಿ, "ಎಲ್ಲಿ ಇಳಿಯಬೇಕು ಯಜಮಾನರೇ?" ಎಂದು ಮೊದಲು ಕೇಳುತ್ತಿದ್ದೆ. ಅವರು ಊರಿನ ಹೆಸರು ಹೇಳಿದ ಮೇಲೆ, "ನಾನು ಸ್ಟಾಪು ಕೂಗುವುದು ಈ ಸದ್ದಿನಲ್ಲಿ ಯಾರಿಗೂ ಕೇಳುತ್ತಿಲ್ಲ, ಡ್ರೈವರಿಗೂ ತೊಂದರೆಯಾಗುತ್ತಿದೆ" ಎನ್ನುತ್ತಿದ್ದೆ. ನೀವು ಪ್ರವಚನ ಹಚ್ಚಿದ್ದು ತಪ್ಪು ಎನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ನೀವು ನಿಂತುಕೊಂಡೇ ಹೇಳಿದಿರೋ, ಪಕ್ಕದಲ್ಲಿ ಕುಳಿತು ಹೇಳಿದಿರೋ?

ಉತ್ತರ (ಬನಶಂಕರಿಯಿಂದ)

ಅವರ ಕಿವಿಯ ಬಗ್ಗೆಯೂ ಸ್ವಲ್ಪ ಯೋಚಿಸಿ. ನನ್ನ ಅಮ್ಮನೂ ಹೀಗೆಯೇ ಜೋರಾಗಿ ಇಟ್ಟುಕೊಳ್ಳುತ್ತಿದ್ದರು, ನಾವೆಲ್ಲ ಹಟವೆಂದು ಬೈಯುತ್ತಿದ್ದೆವು. ಪರೀಕ್ಷೆ ಮಾಡಿಸಿದಾಗ ವೈದ್ಯರು ತಿಳಿಸಿದರು: ವಯಸ್ಸಾದಂತೆ ಮೊದಲು ಮಸುಕಾಗುವುದು ಎತ್ತರದ ಶ್ರುತಿಯ ಸದ್ದುಗಳು, ಸ, ಶ, ಚ ಮೊದಲಾದ ವ್ಯಂಜನಗಳ ಸ್ಪಷ್ಟತೆ ಇರುವುದೇ ಅಲ್ಲಿ. ಹಾಗಾಗಿ ಅಂಥವರಿಗೆ ಧ್ವನಿ ಕೇಳಿಸುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ; ರೈಲಿನ ಗದ್ದಲ ಸೇರಿದರೆ ಇನ್ನೂ ಕಷ್ಟ, ಅವರು ಸೌಂಡ್ ಏರಿಸುತ್ತಲೇ ಹೋಗುತ್ತಾರೆ. ಅಮ್ಮನನ್ನು ಬೈದ ದಿನಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳುವುದನ್ನು ಪಕ್ಕದಲ್ಲಿ ಕುಳಿತು ಕಲಿಸಿದ ಮೇಲೆ ಮನೆಯಲ್ಲೂ ಬಸ್ಸಿನಲ್ಲೂ ಆ ತೊಂದರೆ ನಿಂತಿತು.

ಉತ್ತರ (ಪೀಣ್ಯದಿಂದ)

ವಿಡಿಯೊದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಫೋನ್ ಕರೆಯನ್ನು ಅದರ ಜೊತೆಗೆ ಸೇರಿಸಬೇಡಿ. ನಮ್ಮ ಕಡೆಯ ಗಾರ್ಮೆಂಟ್ಸ್ ಹೆಂಗಸರಿಗೆ ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗುವಿನೊಡನೆ ಮಾತನಾಡಲು ಸಿಗುವುದು ಸಂಜೆ ಬಸ್ಸಿನಲ್ಲಿ ಕಳೆಯುವ ಆ ಅರ್ಧ ಗಂಟೆ ಮಾತ್ರ. ಅದನ್ನೂ ಅಸಭ್ಯತೆ ಎಂದರೆ ಅವರು ಎಲ್ಲಿಗೆ ಹೋಗಬೇಕು?

ಹೀಗೆಂದ ಮಾತ್ರಕ್ಕೆ ನಿಮ್ಮ ಕಿರಿಕಿರಿ ಸುಳ್ಳಲ್ಲ. ಪಕ್ಕದಲ್ಲಿ ಇಬ್ಬರು ಮಾತನಾಡಿಕೊಳ್ಳುವುದಕ್ಕಿಂತ ಒಬ್ಬರು ಫೋನಿನಲ್ಲಿ ಆಡುವ ಮಾತು ಗಮನವನ್ನು ಹೆಚ್ಚು ಕೆಡಿಸುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದ್ದರು. ಅರ್ಧ ಸಂಭಾಷಣೆಯಷ್ಟೇ ಕಿವಿಗೆ ಬೀಳುವುದರಿಂದ ಮುಂದಿನ ಮಾತನ್ನು ಮನಸ್ಸು ಊಹಿಸಲಾರದೆ ಅತ್ತಲೇ ಎಳೆಯಲ್ಪಡುತ್ತದೆ. ಹಾಗೆಂದು ಸ್ಪೀಕರ್ ಹಾಕಿ ಎರಡೂ ಬದಿಯ ಮಾತು ಕೇಳಿಸುವುದು ಸರಿಯಲ್ಲ, ಆ ಕಡೆಯವರ ಮನೆಯ ಗುಟ್ಟು ಬೋಗಿಯವರಿಗೆಲ್ಲ ತಿಳಿಯಲಿ ಎಂದು ಅವರು ಒಪ್ಪಿರುವುದಿಲ್ಲವಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿರ್ವಾಹಕರೇ, ನಾನು ನಿಂತುಕೊಂಡೇ ಹೇಳಿದ್ದೆ, ನಾಲ್ಕು ಜನರ ತಲೆಯ ಮೇಲಿನಿಂದ. ನಿನ್ನೆ ಮೆಜೆಸ್ಟಿಕ್‌ನಲ್ಲಿ ಹತ್ತಿದ ಇನ್ನೊಬ್ಬ ಹಿರಿಯರ ಪಕ್ಕದಲ್ಲಿ ಕುಳಿತು, ಎಲ್ಲಿ ಇಳಿಯುತ್ತೀರಿ ಎಂದು ಮೊದಲು ವಿಚಾರಿಸಿ, ಆಮೇಲೆ ಕೇಳಿಕೊಂಡೆ. ತಕ್ಷಣ ಕಡಿಮೆ ಮಾಡಿದರು. ಟ್ರಿನಿಟಿ ದಾಟುವಷ್ಟರಲ್ಲಿ ಸದ್ದು ಮತ್ತೆ ಏರಿತ್ತು, ಅವರು ಫೋನನ್ನು ಕಿವಿಯ ಹತ್ತಿರ ಹಿಡಿದಿದ್ದನ್ನು ಗಮನಿಸಿ ಎರಡನೆಯ ಸಲ ಕೇಳಲು ಮನಸ್ಸಾಗಲಿಲ್ಲ. ಬನಶಂಕರಿಯವರೇ, ನಿಮ್ಮ ತಾಯಿಯವರು ಬಳಸುವುದು ತಂತಿಯ ಇಯರ್‌ಫೋನೋ, ಬ್ಲೂಟೂತೋ?

ಉತ್ತರ (ಬನಶಂಕರಿಯಿಂದ)

ತಂತಿಯದೇ. ಬ್ಲೂಟೂತ್ ಕೊಡಿಸಿದ್ದೆವು, ಪ್ರತಿದಿನ ಚಾರ್ಜ್ ಮಾಡುವುದು ಅಮ್ಮನಿಗೆ ಮರೆತುಹೋಗುತ್ತಿತ್ತು. ಕೊಳ್ಳುವ ಮುನ್ನ ಫೋನಿನಲ್ಲಿ ಅದಕ್ಕೆ ತೂತು ಇದೆಯೇ ಎಂದು ನೋಡಿಕೊಳ್ಳಿ, ಹೊಸ ಫೋನುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.